ಸ್ಮೆಟಾನಾ ಕಿವುಡರಾದದ್ದು ಯಾವಾಗ?

ಚೆಕ್ ಸಂಗೀತಕಾರ ಸ್ಮೆಟಾನಾ 'ದಿ ಬಾರ್ಟರ್ಡ್ ಬ್ರೈಡ್' ಆಪೆರಾ ಬರೆಯುವಾಗಲೇ ಕಿವುಡರಾಗಿದ್ದರಾ ಎಂದು ಕೇಳಿದ್ದೀರಿ. ಇಲ್ಲ, ಆಗ ಅವರ ಕಿವಿ ಚೆನ್ನಾಗಿಯೇ ಇತ್ತು. ಅದು ಪ್ರಾಗ್‌ನಲ್ಲಿ ರಂಗಕ್ಕೆ ಬಂದದ್ದು 1866ರಲ್ಲಿ. ಮೊದಲ ಸಲ ಜನ ಅಷ್ಟಾಗಿ ಮೆಚ್ಚಲಿಲ್ಲ. ತಿದ್ದಿ ತೀಡಿ ಈಗಿನ ರೂಪ ಸಿಕ್ಕಿದ್ದು 1870ರಲ್ಲಿ. ಎರಡೂ ಕಿವಿ ಪೂರ್ತಿ ಹೋದದ್ದು 1874ರ ಅಕ್ಟೋಬರಿನಲ್ಲಿ, ಐವತ್ತನೇ ವಯಸ್ಸಿಗೆ. ನದಿಯೊಂದನ್ನು ಚಿತ್ರಿಸುವ ವಾದ್ಯವೃಂದ ಕೃತಿ 'ವಲ್ಟಾವಾ' ಮುಗಿಸಿದ್ದು ಅದಾದ ಮೇಲೆ, 'ದಿ ಕಿಸ್' ಆಪೆರಾ ಕೂಡ ಆಮೇಲಿನದೇ.

1876ರ ಅವರ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ಕೃತಿ) ಕೊನೆಯ ಭಾಗವನ್ನು ದಯವಿಟ್ಟು ಕೇಳಿ. ಕುಣಿಯುತ್ತಿದ್ದ ಸಂಗೀತ ಥಟ್ಟನೆ ನಿಲ್ಲುತ್ತದೆ. ಕೆಳಗೆ ಉಳಿದ ವಾದ್ಯಗಳು ನಡುಗುತ್ತಿರುತ್ತವೆ, ಮೇಲೆ ಪಿಟೀಲಿನ ಒಂದೇ ತಾರಸ್ವರ ಉದ್ದಕ್ಕೆ ಎಳೆಯುತ್ತದೆ. ಕಿವುಡು ಬರುವ ಮುನ್ನ ಅವರ ಕಿವಿಯೊಳಗೆ ಮೊಳಗುತ್ತಿದ್ದ ಸದ್ದು ಅದು. ನನಗಂತೂ ಪ್ರತಿ ಸಲವೂ ಎದೆ ಹಿಂಡಿದಂತಾಗುತ್ತದೆ.