ಸಮೀಕ್ಷೆಯಲ್ಲಿ ಹೂಂ, ಮತಪೆಟ್ಟಿಗೆಯಲ್ಲಿ ಉಹೂಂ

ಪ್ರಿಯ ಓದುಗರೇ,

ಹವಾಮಾನ ಬದಲಾವಣೆಯ ಲೇಖನ ಓದಿ ನೀವು ಬರೆದ ಪತ್ರದಲ್ಲಿ ಸಿಟ್ಟಿದೆ. ಸಿಟ್ಟಿಗೆ ಕಾರಣವೂ ಇದೆ. ‘ಸಮೀಕ್ಷೆಯವರು ಕೇಳಿದರೆ ಎಲ್ಲರೂ ಭೂಮಿ ಉಳಿಯಬೇಕು ಅನ್ನುತ್ತಾರೆ. ತೆರಿಗೆ ಹಾಕಿದರೆ ಬೀದಿಗಿಳಿಯುತ್ತಾರೆ. ಕಂಪನಿಗಳು ಹಸಿರು ಜಾಹೀರಾತು ಕೊಡುತ್ತವೆ, ಹಿಂಬಾಗಿಲಿನಿಂದ ಕಾನೂನು ತಡೆಯುತ್ತವೆ. ಇಬ್ಬರೂ ಸುಳ್ಳರು ಅಂತ ಬರೆಯಲು ನಿಮಗೇನು ಸಂಕೋಚ?’ ಅಂತ ಕೇಳಿದ್ದೀರಿ.

ಕಂಪನಿಗಳ ವಿಷಯ ಆಮೇಲೆ. ಜನ ಸುಳ್ಳರು ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಸ್ವಿಟ್ಜರ್ಲೆಂಡನ್ನೇ ನೋಡಿ. 2021ರ ಜೂನ್‌ನಲ್ಲಿ ಅಲ್ಲಿನ ಮತದಾರರ ಮುಂದೆ ಇಂಗಾಲ ಕಡಿತದ ಕಾನೂನೊಂದು ಬಂತು. ಅದು ಜಾರಿಯಾದರೆ ಪೆಟ್ರೋಲ್ ತುಟ್ಟಿಯಾಗುತ್ತಿತ್ತು, ವಿಮಾನದ ಟಿಕೆಟ್ ಮೇಲೆ ಹೊಸ ಸುಂಕ ಬೀಳುತ್ತಿತ್ತು. ಶೇ 51.6 ಮಂದಿ ಬೇಡ ಅಂದರು. ಎರಡು ವರ್ಷ ಕಳೆದು, 2023ರ ಜೂನ್‌ನಲ್ಲಿ ಇನ್ನೊಂದು ಕಾನೂನು ಬಂತು. ಗುರಿ ಸಣ್ಣದಲ್ಲ: 2050ರ ಹೊತ್ತಿಗೆ ಇಂಗಾಲದ ನಿವ್ವಳ ಲೆಕ್ಕ ಸೊನ್ನೆಯಾಗಬೇಕು, ಅಂದರೆ ಗಾಳಿಗೆ ಬಿಟ್ಟಷ್ಟನ್ನು ವಾಪಸ್ ಹೀರಿಕೊಳ್ಳಬೇಕು. ಆದರೆ ಹೊಸ ತೆರಿಗೆ ಇರಲಿಲ್ಲ. ಮನೆ ಬೆಚ್ಚಗಿಡಲು ಎಣ್ಣೆ, ಗ್ಯಾಸ್ ಉರಿಸುವ ಹಳೇ ಯಂತ್ರ ಬದಲಿಸುವವರಿಗೆ ಸಹಾಯಧನವಿತ್ತು. ಶೇ 59.1 ಮಂದಿ ಹೂಂ ಅಂದರು. ಅದೇ ದೇಶ, ಹೆಚ್ಚುಕಡಿಮೆ ಅದೇ ಮತದಾರರು. ಎರಡು ವರ್ಷದಲ್ಲಿ ಅವರ ಮನಸ್ಸು ಇಷ್ಟು ಬದಲಾಯಿತೇ? ನನಗೆ ಹಾಗನಿಸುವುದಿಲ್ಲ. ಅವರು ಎರಡು ಬೇರೆ ಪ್ರಶ್ನೆಗಳಿಗೆ ಎರಡು ಉತ್ತರ ಕೊಟ್ಟರು, ಅಷ್ಟೆ.

ಹಾಗಾದರೆ ತೆರಿಗೆಯ ದುಡ್ಡನ್ನು ಜನರಿಗೇ ವಾಪಸ್ ಕೊಟ್ಟುಬಿಟ್ಟರೆ ಆಯಿತಲ್ಲ ಅನ್ನಬಹುದು. ಕೆನಡಾ ಅದನ್ನೇ ಮಾಡಿತ್ತು. ಇಂಧನದ ಮೇಲಿನ ಇಂಗಾಲ ಶುಲ್ಕದ ಬಹುಪಾಲು ಮನೆಮನೆಗೆ ಹಿಂದಿರುಗುತ್ತಿತ್ತು. ಶುಲ್ಕದ ನೇರ ಖರ್ಚನ್ನಷ್ಟೇ ನೋಡಿದರೆ, ಹೆಚ್ಚಿನ ಮನೆಗಳಿಗೆ ಕೊಟ್ಟಿದ್ದಕ್ಕಿಂತ ಬಂದಿದ್ದೇ ಜಾಸ್ತಿ ಅಂತ ಅಲ್ಲಿನ ಸಂಸತ್ತಿನ ಬಜೆಟ್ ಅಧಿಕಾರಿ ಲೆಕ್ಕ ಕೊಟ್ಟಿದ್ದರು. ಆದರೂ ಶುಲ್ಕ ಉಳಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದನ್ನು ಜನಸಾಮಾನ್ಯರ ಮೇಲಿನಿಂದ ತೆಗೆದರು. ಬಂಕಿನ ಬೋರ್ಡಿನ ಮೇಲೆ ಬೆಲೆ ದಿನಾ ಕಣ್ಣಿಗೆ ಹೊಡೆಯುತ್ತದೆ. ವಾಪಸ್ ಬಂದ ದುಡ್ಡು ಮೂರು ತಿಂಗಳಿಗೊಮ್ಮೆ ಖಾತೆಗೆ ಸದ್ದಿಲ್ಲದೆ ಬೀಳುತ್ತಿತ್ತು. ಅದು ಎಲ್ಲಿಂದ ಬಂತು ಅಂತ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ!

ಇನ್ನು ಫ್ರಾನ್ಸ್. 2018ರ ಹಳದಿ ಅಂಗಿಯವರನ್ನು ನೀವು ಉದಾಹರಣೆ ಕೊಟ್ಟಿದ್ದೀರಿ. ಇಂಧನ ತೆರಿಗೆ ಏರಿದ್ದಕ್ಕೆ ಅವರು ಬೀದಿಗಿಳಿದದ್ದು ನಿಜ. ಅದೇ ವರ್ಷದ ಆರಂಭದಲ್ಲಿ ಶ್ರೀಮಂತರ ಸಂಪತ್ತಿನ ತೆರಿಗೆ ಬಹುಪಾಲು ರದ್ದಾಗಿತ್ತು. ಊರಾಚೆ ಇದ್ದು ಕೆಲಸಕ್ಕೆ ದಿನಾ ಕಾರಿನಲ್ಲೇ ಹೋಗಬೇಕಾದವರಿಗೆ ಈ ಎರಡೂ ಒಟ್ಟಿಗೆ ಕಂಡರೆ ಹೇಗಾಗಬೇಡ? ಅದನ್ನು ಹವಾಮಾನದ ಮೇಲಿನ ಸಿಟ್ಟು ಅನ್ನುವುದು ಸುಲಭ. ನನಗೆ ಕಾಣುವುದು ಲೆಕ್ಕ ಸರಿಯಿಲ್ಲ ಅನ್ನುವ ಸಿಟ್ಟು.

ನಿಮ್ಮ ಪತ್ರ ಓದುವಾಗ ಇನ್ನೊಂದು ಸಂಗತಿ ನೆನಪಾಯಿತು. 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ತಿಂಗಳ ಆದಾಯದಲ್ಲಿ ಶೇ 1ರಷ್ಟು ಹವಾಮಾನಕ್ಕಾಗಿ ಕೊಡಲು ಶೇ 69 ಮಂದಿ ಸಿದ್ಧರಿದ್ದರು. ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಮಂದಿ ಕೊಟ್ಟಾರು ಅಂತ ಕೇಳಿದರೆ ಬಂದ ಊಹೆ ಸರಾಸರಿ ಶೇ 43. ‘ನಾನು ಕೊಡ್ತೀನಿ, ಪಕ್ಕದವನು ಕೊಡಲ್ಲ’ ಅಂತ ಎಲ್ಲರೂ ಎಲ್ಲರ ಬಗ್ಗೆ ಅಂದುಕೊಂಡಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರದ ದನಿಯೂ ಅದೇ ಅಲ್ವಾ? ಹೇಳಿದ್ದನ್ನು ಎಲ್ಲರೂ ಮಾಡುತ್ತಾರೆ ಅಂತಲ್ಲ. ಆದರೆ ಶೇ 1 ಅಂದಾಗ ಆದಾಯಕ್ಕೆ ತಕ್ಕಂತೆ ಎಲ್ಲರ ಪಾಲೂ ಒಂದೇ ಅಳತೆ. ಬಂಕಿನಲ್ಲಿ ಹಾಗಲ್ಲ, ಬಡವನೂ ಶ್ರೀಮಂತನೂ ಲೀಟರಿಗೆ ಅಷ್ಟೇ ತೆರಿಗೆ ಕಟ್ಟಬೇಕು.

ಈಗ ಕಂಪನಿಗಳು. ಇಲ್ಲಿ ನಿಮ್ಮ ಸಿಟ್ಟಿಗೆ ನನ್ನದನ್ನೂ ಸೇರಿಸುತ್ತೇನೆ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1970ರ ದಶಕದಿಂದ ಮಾಡಿದ್ದ ತಾಪಮಾನದ ಅಂದಾಜುಗಳು ಬಹುಮಟ್ಟಿಗೆ ಸರಿಯಾಗಿದ್ದವು ಅಂತ 2023ರ ಅಧ್ಯಯನವೊಂದು ತೋರಿಸಿತು. ಒಳಗೆ ಅದು ಗೊತ್ತಿದ್ದರೂ ಕಂಪನಿಯವರು ಹೊರಗೆ ವಿಜ್ಞಾನವೇ ಖಚಿತವಿಲ್ಲ ಅಂದರು. ಸುಳ್ಳು ಅನ್ನುವ ಪದ ಇಲ್ಲಿ ಸಲ್ಲುತ್ತದೆ.

ಆದರೆ ಎಲ್ಲ ಕಂಪನಿಗಳೂ ಒಂದೇ ಮುದ್ದೆಯಲ್ಲ. 1989ರಲ್ಲಿ ಅಮೆರಿಕದಲ್ಲಿ ತೈಲ, ಕಲ್ಲಿದ್ದಲು, ಕಾರು ಉದ್ಯಮದವರು ಸೇರಿ ಗ್ಲೋಬಲ್ ಕ್ಲೈಮೇಟ್ ಕೊಅಲಿಷನ್ ಅಂತ ಕೂಟ ಕಟ್ಟಿದರು. ಅದರ ಕೆಲಸ ಹವಾಮಾನ ಒಪ್ಪಂದಗಳಿಗೆ ಅಡ್ಡಗಾಲು ಹಾಕುವುದು. 90ರ ದಶಕದ ಕೊನೆಗೆ ಬಿಪಿ, ಶೆಲ್, ಫೋರ್ಡ್ ಒಂದೊಂದಾಗಿ ಹೊರಬಂದವು. 2002ರಲ್ಲಿ ಕೂಟ ಮುಚ್ಚಿತು. ಮನಃಪರಿವರ್ತನೆಯೇ? ಸ್ವಲ್ಪ ಇರಬಹುದು, ಮಾನದ ಭಯವೇ ಜಾಸ್ತಿ. ಓಝೋನ್ ವಿಷಯದಲ್ಲೂ ಹೀಗೇ ಆಯಿತು: ಓಝೋನ್ ಪದರ ಹಾಳುಮಾಡುವ ಸಿಎಫ್‌ಸಿ ಅನಿಲಗಳಿಗೆ ನಿರ್ಬಂಧ ಬೇಡ ಅಂತ ವರ್ಷಗಟ್ಟಲೆ ವಾದಿಸಿದ ರಾಸಾಯನಿಕ ಕಂಪನಿ ಡ್ಯುಪಾಂಟ್, ಅವನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದವಾದ ಮರುವರ್ಷ, 1988ರಲ್ಲಿ, ಅವುಗಳ ತಯಾರಿಕೆ ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಬದಲಿ ಅನಿಲ ಮಾರುವ ಲಾಭ ಕೂಡ ಅದರ ಕಣ್ಣಿಗೆ ಬಿದ್ದಿತ್ತು.

ಅದಕ್ಕೇ ಕಂಪನಿಯ ಜಾಹೀರಾತು ನೋಡಿ ಕೂರಬೇಡಿ. ಅದು ಯಾವ ಉದ್ಯಮ ಸಂಘಕ್ಕೆ ಚಂದಾ ಕೊಡುತ್ತದೆ, ಆ ಸಂಘ ಯಾವ ಕಾನೂನಿನ ವಿರುದ್ಧ ಓಡಾಡುತ್ತಿದೆ ನೋಡಿ. ತಾನು ಒಳ್ಳೆಯ ಮಾತಾಡಿ ಕೆಟ್ಟದ್ದನ್ನು ಸಂಘದ ಬಾಯಲ್ಲಿ ಆಡಿಸುವುದು ಹಳೇ ಆಟ.

ನಿಮ್ಮ ಪತ್ರದ ಕೊನೆಯ ಸಾಲಿಗೂ ಉತ್ತರಿಸಬೇಕು. ‘ನಿಮ್ಮ ಪತ್ರಿಕೆಯಲ್ಲೂ ಅಂಥ ಹಸಿರು ಜಾಹೀರಾತು ಬಂದಿದೆಯಲ್ಲ?’ ಅಂತ ಚುಚ್ಚಿದ್ದೀರಿ. ಹೌದು, ಬಂದಿದೆ. ಆ ಕಂಪನಿ ಯಾವ ಸಂಘದ ಸದಸ್ಯ ಅಂತ ನಾವು ಆಗ ವಿಚಾರಿಸಿರಲಿಲ್ಲ. ಈಗ ಕೇಳಿ ಬರೆದಿದ್ದೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಹಾಕುತ್ತೇವೆ, ಬಾರದಿದ್ದರೆ ಬರಲಿಲ್ಲ ಅಂತ ಹಾಕುತ್ತೇವೆ.

– ಸಂಪಾದಕ