ಆಪ್ತಸಲಹೆ ಪ್ರಕರಣ: ‘ನಾನು ಫೇಲಾದ್ರೆ ನಮ್ಮವರೆಲ್ಲ ಫೇಲಾದ ಹಾಗೆ’

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ವಿದ್ಯಾರ್ಥಿನಿಯ ಒಪ್ಪಿಗೆ ಇದೆ.

ಅವಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಅವಳ ಸಮುದಾಯದಿಂದ ಈ ಓದಿಗೆ ಬಂದವರು ತೀರಾ ಕಡಿಮೆ. ಅವಳ ತರಗತಿಯಲ್ಲಂತೂ ಅವಳೊಬ್ಬಳೇ. ಅಂಥವರಿಗೆಂದೇ ಇರುವ ಒಂದು ಸ್ಕಾಲರ್‌ಶಿಪ್‌ನಿಂದ ಅವಳ ಓದು ನಡೆಯುತ್ತಿತ್ತು. ನನ್ನ ಹತ್ತಿರ ಕಳಿಸಿದ್ದು ವಾರ್ಡ್‌ನಲ್ಲಿ ಪಾಠ ಹೇಳುವ ಕ್ಲಿನಿಕಲ್ ಟೀಚರ್. ‘ನಿಂತಲ್ಲೇ ತೂಕಡಿಸ್ತಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ’ ಎಂದಷ್ಟೇ ಚೀಟಿಯಲ್ಲಿ ಬರೆದಿದ್ದರು.

ಮೊದಲ ಭೇಟಿಯಲ್ಲಿ ನನಗೂ ‘ಏನಿಲ್ಲ ಮೇಡಂ’ ಎಂಬ ಉತ್ತರವೇ ಸಿಕ್ಕಿತು. ಎರಡನೇ ಸಲ ಬಂದಾಗ ವಿಷಯ ಹೊರಬಿತ್ತು. ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಿಗಳ ಬಗೆಗಿನ ಪೇಪರಿನಲ್ಲಿ, ಫೇಲಾಗಿದ್ದಳು. ಸ್ಕಾಲರ್‌ಶಿಪ್ ಮುಂದುವರಿಯಬೇಕಾದರೆ ಎಲ್ಲ ವಿಷಯ ಪಾಸಾಗಿರಬೇಕು ಎಂಬ ಷರತ್ತಿತ್ತು. ಇನ್ನು ಅದು ಹೋದಂತೆಯೇ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ಯಾರನ್ನೂ ಕೇಳಿರಲಿಲ್ಲ. ಮುಂದಿನ ವರ್ಷದ ಫೀಸಿಗೆ ಈಗಿನಿಂದಲೇ ದುಡ್ಡು ಸೇರಿಸೋಣ ಎಂದು ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಕೆಲಸಕ್ಕೆ ಸೇರಿದ್ದಳು. ರಾತ್ರಿಯೆಲ್ಲ ಅಲ್ಲಿ, ಬೆಳಗಾದರೆ ವಾರ್ಡ್‌ನಲ್ಲಿ, ಮಧ್ಯಾಹ್ನ ಕ್ಲಾಸು. ಓದೋದು ಯಾವಾಗ? ಫೇಲಾದ ಪೇಪರಿನ ಮರುಪರೀಕ್ಷೆ ಹತ್ತಿರ ಬರುತ್ತಿತ್ತು, ಪುಸ್ತಕ ತೆಗೆದಿರಲಿಲ್ಲ. ದುಡ್ಡು ಉಳಿಸಲು ಹಿಡಿದ ದಾರಿಯೇ ಅವಳ ಓದನ್ನು ಮುಳುಗಿಸುತ್ತಿತ್ತು.

‘ಸ್ಕಾಲರ್‌ಶಿಪ್ ಆಫೀಸಿಗೆ ಯಾಕೆ ಹೇಳಲಿಲ್ಲ?’ ಎಂದೆ.

‘ನನ್ನ ಫೋಟೋ ಹಾಕಿದಾರೆ ಮೇಡಂ.’

ಸ್ವಲ್ಪ ಹೊತ್ತು ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಕಾಲೇಜಿನ ಪಡಸಾಲೆಯಲ್ಲಿ ಸ್ಕಾಲರ್‌ಶಿಪ್‌ನ ದೊಡ್ಡ ಪೋಸ್ಟರ್ ಇದೆ, ಅದರ ನಡುವೆ ಯೂನಿಫಾರ್ಮ್ ಹಾಕಿಕೊಂಡು ನಗುತ್ತಿರುವ ಇವಳು. ದಾನಿಗಳ ಸಭೆಯಲ್ಲಿ ಇವಳಿಂದ ಭಾಷಣ ಮಾಡಿಸಿದ್ದರು. ‘ನಾನು ಫೇಲಾದ್ರೆ ನಮ್ಮವರೆಲ್ಲ ಫೇಲಾದ ಹಾಗೆ. ಮುಂದಿನ ವರ್ಷ ನಮ್ಮ ಕಡೆಯವರು ಅರ್ಜಿ ಹಾಕಿದ್ರೆ, ಒಬ್ಬಳಿಗೆ ಕೊಟ್ವಲ್ಲ, ಏನಾಯ್ತು ನೋಡಿ ಅನ್ನಲ್ವಾ?’ ಎಂದಳು. ಸಹಪಾಠಿಯೊಬ್ಬಳು ಯಾವಾಗಲೋ ‘ನಿಂಗೇನು ಬಿಡು, ಎಲ್ಲ ಫ್ರೀ’ ಎಂದಿದ್ದಳಂತೆ. ಅದನ್ನು ಹೇಳುವಾಗ ಮಾತ್ರ ಅವಳ ಕಣ್ಣು ತುಂಬಿತು.

ಇದನ್ನು ನಾನು ಬೇರೆ ವಿದ್ಯಾರ್ಥಿಗಳಲ್ಲೂ ನೋಡಿದ್ದೇನೆ. ತರಗತಿಯ ಉಳಿದವರು ಫೇಲಾದರೆ ಅವರೊಬ್ಬರೇ ಫೇಲು. ಬೇಜಾರು ಮಾಡಿಕೊಳ್ಳುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಬರೆಯುತ್ತಾರೆ. ಇಂಥ ಸ್ಕಾಲರ್‌ಶಿಪ್‌ನಲ್ಲಿ ಬಂದ ಹುಡುಗಿಗೆ ಆ ಸಲಿಗೆ ಇಲ್ಲ. ಇಡೀ ಸಮುದಾಯದ ಪರವಾಗಿ ಪರೀಕ್ಷೆ ಬರೆಯುತ್ತಿದ್ದೇನೆ ಅಂತ ಅವಳಿಗೆ ಅನಿಸುತ್ತಿರುತ್ತದೆ. ಹಾಗೆ ಅನಿಸುವಂತೆ ಮಾಡಿದವರು ನಾವೇ, ದೊಡ್ಡವರು.

ಅವಳಿಗೆ ಪಾಠ ಬರುವುದಿಲ್ಲವೇ ಎಂದು ನೋಡಬೇಕಿತ್ತು. ಹಾಳೆ ಕೊಟ್ಟು ಒಂದು ಲೆಕ್ಕ ಕೇಳಿದೆ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ಕೊಳವೆಯಲ್ಲಿ 1 ಎಂಎಲ್‌ಗೆ 20 ಹನಿ, ನಿಮಿಷಕ್ಕೆ ಎಷ್ಟು ಹನಿ ಬಿಡ್ತೀಯ? ಅವಳು ಪೆನ್ನು ಮುಟ್ಟಲೇ ಇಲ್ಲ. ‘ಹತ್ತು ಸಾವಿರ ಹನಿ, 240 ನಿಮಿಷ, 41 ಚಿಲ್ಲರೆ ಬರುತ್ತೆ, 42 ಇಡ್ತೀನಿ’ ಎಂದಳು. ‘ಆಮೇಲೆ ಅರ್ಧ ಗಂಟೆಗೊಮ್ಮೆ ಬಾಟಲಿ ಮಟ್ಟ ನೋಡ್ತೀನಿ ಮೇಡಂ, ಪೇಶೆಂಟ್ ಕೈ ಮಡಚಿದ್ರೆ ಹನಿ ನಿಧಾನ ಆಗುತ್ತೆ.’ ಇದು ಪುಸ್ತಕ ಬಾಯಿಪಾಠ ಮಾಡಿದವರ ಉತ್ತರ ಅಲ್ಲ. ವಾರ್ಡ್‌ನಲ್ಲಿ ಕಣ್ಣು ಬಿಟ್ಟು ನೋಡಿದವರ ಉತ್ತರ. ಪರೀಕ್ಷೆಯಲ್ಲಿ ಏನಾಯ್ತು ಅಂದರೆ, ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ‘ಇದು ಹೋದ್ರೆ ಎಲ್ಲ ಹೋಯ್ತು’ ಅಂತ ಅನಿಸಿ ಕೈ ನಡುಗಿತಂತೆ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆ ಇದೆ. ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ‘ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ’ ಎಂದು ಹೇಳಿ ಕೂರಿಸಿದಾಗ ಕಪ್ಪು ವಿದ್ಯಾರ್ಥಿಗಳು ಹಿಂದೆ ಬಿದ್ದರು. ಅದೇ ಪ್ರಶ್ನೆಗಳನ್ನು ಹಾಗೆ ಹೇಳದೆ ಕೊಟ್ಟಾಗ ಚೆನ್ನಾಗಿ ಮಾಡಿದರು. ತಮ್ಮ ಗುಂಪಿನ ಬಗ್ಗೆ ಜನರಲ್ಲಿರುವ ಕೀಳು ಅಭಿಪ್ರಾಯ ನನ್ನಿಂದ ನಿಜವಾಗಿಬಿಟ್ಟರೆ ಎಂಬ ಹೆದರಿಕೆಯೇ ಕೈ ಕಟ್ಟುತ್ತದೆ ಎಂದು ಅವರು ವಾದಿಸಿದರು. ಆಮೇಲೆ ಬಂದ ಅಧ್ಯಯನಗಳಲ್ಲಿ ಎಲ್ಲ ಕಡೆ ಇಷ್ಟೇ ದೊಡ್ಡ ಪರಿಣಾಮ ಕಂಡಿಲ್ಲ, ಅದನ್ನೂ ಅವಳಿಗೆ ಹೇಳಿದೆ. ಆದರೆ ಇಂಥದ್ದು ತನಗೊಬ್ಬಳಿಗೇ ಆಗುತ್ತಿಲ್ಲ ಅಂತ ಗೊತ್ತಾಗಿ ಅವಳಿಗೆ ಸ್ವಲ್ಪ ಹಗುರವಾಯಿತು.

ಇನ್ನು ನಾನು ಕೊಟ್ಟ ಸಲಹೆ.

ಎಲ್ಲಕ್ಕಿಂತ ಮೊದಲು ನಿದ್ದೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ರಾತ್ರಿಯಿಡೀ ಕೆಲಸ ಮಾಡಿ ಬಂದು ಬೆಳಿಗ್ಗೆ ಔಷಧಿ ಟ್ರೇ ಹಿಡಿಯುವ ಹಾಗಿಲ್ಲ. ಅವಳ ಓದಿನ ಪ್ರಶ್ನೆ ಆಮೇಲೆ, ಮಂಚದ ಮೇಲಿರುವವರ ಪ್ರಾಣದ ಪ್ರಶ್ನೆ ಮೊದಲು. ‘ಮರುಪರೀಕ್ಷೆ ಮುಗಿಯೋ ತನಕ ವಾರ್ಡ್ ಇರೋ ದಿನದ ಹಿಂದಿನ ರಾತ್ರಿ ಕೆಲಸಕ್ಕೆ ಹೋಗಬೇಡ. ನಿದ್ದೆಗೆಟ್ಟು ಬಂದಿದ್ರೆ ಟೀಚರ್‌ಗೆ ನೀನೇ ಹೇಳಿ ಔಷಧಿ ಕೊಡೋದ್ರಿಂದ ಹಿಂದೆ ಸರಿ’ ಎಂದೆ. ಅದಕ್ಕೆ ವಾದ ಮಾಡಲಿಲ್ಲ. ರೋಗಿಯ ಮಾತು ಬಂದರೆ ಅವಳು ತಕ್ಷಣ ನರ್ಸ್ ಆಗಿಬಿಡುತ್ತಾಳೆ.

ಎರಡನೆಯದು, ಷರತ್ತಿನ ಕಾಗದ. ಅದನ್ನು ಅವಳು ಸಹಿ ಹಾಕಿದ ದಿನ ನೋಡಿದ್ದು ಬಿಟ್ಟರೆ ಮತ್ತೆ ತೆರೆದಿರಲಿಲ್ಲ. ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಎಲ್ಲ ವಿಷಯ ಪಾಸಾಗಿರಬೇಕು ಅಂತ ಇದ್ದದ್ದು ನಿಜ. ಅದರ ಕೆಳಗೇ ಇನ್ನೊಂದು ಸಾಲಿತ್ತು: ತಕ್ಕ ಕಾರಣ ಇದ್ದು ವಿದ್ಯಾರ್ಥಿ ಬರೆದು ಕೇಳಿಕೊಂಡರೆ ಸಮಿತಿ ಒಂದು ಅವಧಿಯ ಮಟ್ಟಿಗೆ ಸಹಾಯ ಮುಂದುವರಿಸಬಹುದು. ಸುಮ್ನೆ ಕೂತರೆ ಈ ಸಾಲು ಉಪಯೋಗಕ್ಕೆ ಬರುವುದಿಲ್ಲ, ಕೇಳಬೇಕು. ಹಣ ಫೀಸಿಗೆ ಮಾತ್ರ ಎಂಬುದೂ ಅಲ್ಲೇ ಇತ್ತು. ವಾರ್ಡ್‌ಗೆ ಹಾಕುವ ಶೂ, ಯೂನಿಫಾರ್ಮ್, ಆಸ್ಪತ್ರೆಗೆ ಓಡಾಡುವ ಖರ್ಚು, ಪರೀಕ್ಷೆ ಶುಲ್ಕ, ಇದೆಲ್ಲ ಅವಳ ಕೈಯಿಂದಲೇ ಹೋಗುತ್ತಿತ್ತು. ‘ಎಲ್ಲ ಫ್ರೀ’ ಎಂದವಳಿಗೆ ಇದು ಗೊತ್ತಿರಲಿಕ್ಕಿಲ್ಲ. ನರ್ಸಿಂಗ್ ಓದಿನಲ್ಲಿ ಫೀಸಿಗಿಂತ ಜಾಸ್ತಿ ಜನರನ್ನು ಕೆಡವುವುದು ಇಂಥ ಸಣ್ಣ ಖರ್ಚುಗಳೇ ಅಂತ ನನಗೆ ಅನಿಸುತ್ತದೆ. ದಿನವೆಲ್ಲ ವಾರ್ಡ್‌ನಲ್ಲಿರಬೇಕಾದವರು ಪಾರ್ಟ್‌ಟೈಮ್ ಕೆಲಸ ಮಾಡಬೇಕೆಂದರೆ ರಾತ್ರಿ ಬಿಟ್ಟು ಇನ್ನಾವ ಹೊತ್ತು ಸಿಗುತ್ತದೆ?

ಮೂರನೆಯದು ಪತ್ರ. ಅವಳು ಬರೆದು ತಂದ ಮೊದಲ ಪತ್ರದ ತುಂಬ ಬರೀ ಕ್ಷಮೆ. ‘ನಿಮ್ಮ ನಂಬಿಕೆಗೆ ದ್ರೋಹ ಮಾಡಿದ್ದೇನೆ’ ಎಂದೂ ಬರೆದಿದ್ದಳು. ಆ ಸಾಲನ್ನು ತೆಗೆಸಿದೆ. ಒಂದು ಪೇಪರಿನಲ್ಲಿ ಫೇಲಾಗುವುದು ದ್ರೋಹ ಅಲ್ಲ. ಮನೆಯ ಕಷ್ಟವನ್ನೂ ಪುಟಗಟ್ಟಲೆ ಬರೆದಿದ್ದಳು, ಕರುಣೆ ಹುಟ್ಟಿಸದಿದ್ದರೆ ಕೊಡುವುದಿಲ್ಲ ಎಂದುಕೊಂಡು. ಅರ್ಜಿ ಹಾಕುವಾಗಲೂ ಹೀಗೇ ಬರೆದಿದ್ದಳಂತೆ, ಬರೆದ ರಾತ್ರಿ ಊಟ ಸೇರಲಿಲ್ಲವಂತೆ. ‘ನಿನ್ನ ಕಷ್ಟ ನಿನ್ನದು. ಎಷ್ಟು ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಈ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಹೇಳು’ ಎಂದೆ. ಕೊನೆಗೆ ಪತ್ರದಲ್ಲಿ ಉಳಿದದ್ದು ನಾಲ್ಕು ವಿಷಯ: ಯಾವ ಪೇಪರು ಹೋಯಿತು, ಯಾಕೆ ಹೋಯಿತು, ಮರುಪರೀಕ್ಷೆಗೆ ಏನು ತಯಾರಿ ನಡೆಯುತ್ತಿದೆ, ತನಗೆ ಏನು ಬೇಕು. ಬೇಕಾದದ್ದು ಎರಡು. ಒಂದು ಅವಧಿಗೆ ಸಹಾಯ ಮುಂದುವರಿಯಬೇಕು. ಓಡಾಟದ ಖರ್ಚಿಗೆ ಏನಾದರೂ ದಾರಿ ಇದೆಯೇ ತಿಳಿಸಬೇಕು. ಜೊತೆಗೆ ಕ್ಲಿನಿಕಲ್ ಟೀಚರ್ ಒಂದು ಪತ್ರ ಕೊಟ್ಟರು. ಫಲಿತಾಂಶ ಆಫೀಸಿಗೆ ತಾನಾಗಿ ತಲುಪುವ ಮುಂಚೆಯೇ ಈ ಪತ್ರ ಹೋಗಬೇಕು ಎಂದು ನಾನು ಒತ್ತಿ ಹೇಳಿದೆ. ಮುಚ್ಚಿಟ್ಟದ್ದು ಬೇರೆಯವರಿಂದ ಗೊತ್ತಾದರೆ ಸಮಿತಿಯವರು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ನಡುವೆ ಒಂದು ದಿನ ಅವಳು ಮೇರಿ ಮಹೋನಿಯ ಮಾತೆತ್ತಿದಳು. ಅಮೆರಿಕದಲ್ಲಿ ನರ್ಸಿಂಗ್ ತರಬೇತಿ ಮುಗಿಸಿದ ಮೊದಲ ಕಪ್ಪು ಮಹಿಳೆ, 1879ರಲ್ಲಿ, ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ. ಅದಕ್ಕೂ ಮುಂಚೆ ಅದೇ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಅಡುಗೆ, ಬಟ್ಟೆ ಒಗೆಯುವ ಕೆಲಸ ಮಾಡಿದ್ದವರು. ಸ್ಕಾಲರ್‌ಶಿಪ್ ಸಭೆಯಲ್ಲಿ ಅವರ ಚಿತ್ರ ತೋರಿಸಿ ‘ನೀವೂ ಹೀಗಾಗಬೇಕು’ ಎಂದಿದ್ದರಂತೆ. ‘ಅವರು ಅಷ್ಟು ಕಷ್ಟದಲ್ಲೂ ಮಾಡಿದ್ರು, ನನಗೆ ಒಂದು ಪೇಪರ್ ಆಗಲಿಲ್ಲ’ ಎಂದು ತನ್ನನ್ನೇ ಚುಚ್ಚಿಕೊಳ್ಳುತ್ತಿದ್ದಳು.

ನಾನು ಅದೇ ಕಥೆಯ ಇನ್ನೊಂದು ತುದಿ ತೋರಿಸಿದೆ. ಆ ತಂಡದಲ್ಲಿ 42 ಮಂದಿ ಸೇರಿದ್ದರು, ಮುಗಿಸಿದವರು 4 ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಉಳಿದ 38 ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಅವರಲ್ಲಿ ಒಳ್ಳೆಯ ನರ್ಸ್ ಆಗಬಹುದಾಗಿದ್ದವರು ಯಾರೂ ಇರಲಿಲ್ಲ ಎಂದು ಹೇಳಲಾದೀತೇ? ಸ್ಕಾಲರ್‌ಶಿಪ್ ಇರುವುದು ಮಹೋನಿಯಂಥ ಅಸಾಮಾನ್ಯರನ್ನು ಹುಡುಕಿ ಹಾರ ಹಾಕುವುದಕ್ಕಲ್ಲ. ಸಾಮಾನ್ಯ ಹುಡುಗಿಯೊಬ್ಬಳು ಒಮ್ಮೆ ಎಡವಿದರೂ ಓದು ಮುಗಿಸಲಿ ಎಂದು. ಮಹೋನಿಯವರೂ ತಮ್ಮ ಗೆಲುವಿಗೇ ನಿಲ್ಲಲಿಲ್ಲ, 1908ರಲ್ಲಿ ಕಪ್ಪು ನರ್ಸ್‌ಗಳ ರಾಷ್ಟ್ರೀಯ ಸಂಘ ಕಟ್ಟಿದವರ ಜೊತೆ ನಿಂತರು. ಒಬ್ಬೊಬ್ಬರೇ ಹೋರಾಡಿ ಒಳಗೆ ಬರುವುದು ಸಾಲದು ಎಂದು ಅವರಿಗೆ ಗೊತ್ತಿತ್ತು. ಅವಳು ತುಂಬ ಹೊತ್ತು ಸುಮ್ಮನಿದ್ದು, ‘38 ಜನರ ಬಗ್ಗೆ ಯಾರೂ ಹೇಳೋದೇ ಇಲ್ಲ ಅಲ್ವಾ’ ಎಂದಳು.

ಫೋಟೋದ ವಿಚಾರ ಬೇಗ ಮುಗಿಯಿತು. ಬೇಡ ಅನ್ನುವ ಹಕ್ಕು ಅವಳಿಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಂದಿನ ವರ್ಷದ ಪೋಸ್ಟರ್‌ಗೆ ತನ್ನ ಫೋಟೋ ಬೇಡ ಎಂದು ಒಂದು ಸಾಲಿನ ಮೇಲ್ ಕಳಿಸಿದಳು. ‘ಸರಿ’ ಎಂದು ಉತ್ತರ ಬಂತು, ಅಷ್ಟೇ.

ಸಮಿತಿ ಒಂದು ಅವಧಿಗೆ ಸಹಾಯ ಮುಂದುವರಿಸಿತು. ಓಡಾಟದ ಖರ್ಚಿಗೆ ಅವರಲ್ಲಿ ಹಣ ಇರಲಿಲ್ಲ, ಕಾಲೇಜಿನ ತುರ್ತು ನಿಧಿಯಿಂದ ಸ್ವಲ್ಪ ಸಿಕ್ಕಿತು. ಅವಳು ರಾತ್ರಿ ಕೆಲಸವನ್ನು ವಾರಕ್ಕೆ ಒಂದಕ್ಕೆ ಇಳಿಸಿದಳು, ಪೂರ್ತಿ ಬಿಡಲು ಆಗಲಿಲ್ಲ, ಮನೆಗೂ ಕಳಿಸಬೇಕಿತ್ತು. ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದಳು. ಅಮ್ಮ ಬೈಯಲಿಲ್ಲ, ‘ಊಟ ಮಾಡ್ತಿದೀಯಾ?’ ಎಂದು ಕೇಳಿದರಂತೆ. ಮರುಪರೀಕ್ಷೆ ಪಾಸಾಯಿತು. ಅಂಕ ಹೆಚ್ಚೇನೂ ಇಲ್ಲ, ಪಾಸು.

ಸ್ಕಾಲರ್‌ಶಿಪ್ ನಡೆಸುವವರಿಗೆ ನನ್ನದೊಂದು ಕೇಳಿಕೆ. ಷರತ್ತಿನ ಕಾಗದದಲ್ಲಿ ‘ತೊಂದರೆಯಾದರೆ ಇವರನ್ನು ಕೇಳಿ’ ಎಂದು ಒಬ್ಬ ಮನುಷ್ಯರ ಹೆಸರು ಹಾಕಿ. ಆಫೀಸಿನ ಹೆಸರಲ್ಲ, ಮನುಷ್ಯರ ಹೆಸರು. ಒಂದು ವಿಷಯ ಫೇಲಾದರೆ ಏನಾಗುತ್ತದೆ ಎಂಬುದನ್ನು ಸೇರುವ ದಿನವೇ ಬಾಯಿಬಿಟ್ಟು ಹೇಳಿ. ಈ ಹುಡುಗಿಗೆ ಅಷ್ಟು ಗೊತ್ತಿದ್ದಿದ್ದರೆ ಆ ರಾತ್ರಿಗಳು ಉಳಿಯುತ್ತಿದ್ದವು.

ಈಗ ಅವಳ ಮುಂದೆ ಇನ್ನೊಂದು ಪ್ರಶ್ನೆ ಇದೆ. ಕೊನೆಯ ವರ್ಷಕ್ಕೆ ಜಾಸ್ತಿ ಹಣ ಕೊಡುವ ಬೇರೆ ಸ್ಕಾಲರ್‌ಶಿಪ್ ಕಣ್ಣಿಗೆ ಬಿದ್ದಿದೆ, ಆದರೆ ಅದಕ್ಕೆ ಸರ್ವಿಸ್ ಬಾಂಡ್ ಇದೆ. ಅಮೆರಿಕದ ನರ್ಸ್ ಕೋರ್ ಸ್ಕಾಲರ್‌ಶಿಪ್‌ನಲ್ಲೂ ಹೀಗೇ. ಓದು ಮುಗಿದ ಮೇಲೆ ನರ್ಸ್‌ಗಳ ಕೊರತೆ ಇರುವ ಕಡೆ ಕಡಿಮೆಯೆಂದರೂ 2 ವರ್ಷ ದುಡಿಯಬೇಕು, ತಪ್ಪಿದರೆ ಹಣ ವಾಪಸ್ ಕಟ್ಟಬೇಕು. ಬಾಂಡ್ ಕೆಟ್ಟದ್ದಲ್ಲ, ಓದು ಮುಗಿದ ಕೂಡಲೇ ಕೆಲಸ ಖಾತ್ರಿಯಾದಂತೆಯೂ ಆಗಬಹುದು. ಆದರೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ತರಿಸಿಕೋ ಎಂದಿದ್ದೇನೆ. ಜಾಗ ಯಾರು ಆರಿಸುತ್ತಾರೆ? ಕಾಯಿಲೆ ಬಿದ್ದರೆ ಅಥವಾ ಒಂದು ವರ್ಷ ಹಿಂದೆ ಬಿದ್ದರೆ ಏನು? ಈಗಿನ ಸ್ಕಾಲರ್‌ಶಿಪ್‌ನ ಹಣವನ್ನು ಅದರಲ್ಲಿ ಕಳೆಯುತ್ತಾರಾ? ಮೇಲ್ ಕಳಿಸಿದ್ದಾಳೆ. ಉತ್ತರ ಬಂದ ಮೇಲೆ ಇಬ್ಬರೂ ಕೂತು ಓದುತ್ತೇವೆ.