ಮೊದಲ ಸಲ ಎಎ ಮೀಟಿಂಗಿಗೆ ಹೋಗುವವರಿಗೆ

ಕುಡಿತ ಬಿಡಬೇಕೆಂದು ನಿರ್ಧರಿಸಿದ್ದೀರಿ. ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಕೂಟದ ಹತ್ತಿರದ ಮೀಟಿಂಗ್ ಹುಡುಕುವುದು ಹೇಗೆ, ಅಲ್ಲಿ ಮಾತಾಡಲೇಬೇಕಾ, ವಿಷಯ ಹೊರಗೆ ಹೋಗುತ್ತದಾ ಎಂದು ಕೇಳಿದ್ದೀರಿ. ಮಾತಾಡಲೇಬೇಕೆಂದಿಲ್ಲ, ಪೂರ್ತಿ ಹೆಸರನ್ನೂ ಹೇಳಬೇಕಿಲ್ಲ. ಉಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಮಾತು. ದಿನವೂ ವಿಪರೀತ ಕುಡಿಯುವವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ತಪ್ಪಿದ ಕೂಡಲೇ ಕೆರಳುತ್ತದೆ. ಕೊನೆಯ ಸಲ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಜ್ವರ, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಮೊದಲು ವೈದ್ಯರನ್ನು ಕಂಡು, ಎಷ್ಟು ಕುಡಿಯುತ್ತೀರಿ ಎಂದು ಮುಚ್ಚಿಡದೆ ಹೇಳಿ. ಈ ಕೆಲವು ದಿನ ದಾಟಿಸಲು ಮಾತ್ರೆಗಳಿವೆ, ವಿಟಮಿನ್ ಬಿ1 ಕೂಡ ಕೊಡುತ್ತಾರೆ. ಮೀಟಿಂಗ್ ಈ ಚಿಕಿತ್ಸೆಗೆ ಬದಲಿಯಲ್ಲ, ಜೊತೆಗಿರಬೇಕಾದದ್ದು.

ಇನ್ನು ಹುಡುಕುವ ವಿಷಯ. ಎಎ ಅಧಿಕೃತ ವೆಬ್‌ಸೈಟಿನಲ್ಲಿ ಊರು, ವಾರ, ಸಮಯದ ಪಟ್ಟಿ ಇರುತ್ತದೆ. ಆದರೆ ಪಟ್ಟಿಯನ್ನೇ ನಂಬಿ ಹೊರಡಬೇಡಿ. ಗ್ರೂಪ್‌ಗಳನ್ನು ನಡೆಸುವವರು ಸದಸ್ಯರೇ, ಬಿಡುವಿನ ವೇಳೆಯಲ್ಲಿ. ಕೋಣೆಯೋ ಸಮಯವೋ ಬದಲಾದರೂ ಪಟ್ಟಿ ತಿಂಗಳುಗಟ್ಟಲೆ ಹಳೆಯದೇ ಉಳಿದಿರುತ್ತದೆ. ಧೈರ್ಯ ಮಾಡಿ ಹೋದವರು ಬೀಗ ಹಾಕಿದ ಬಾಗಿಲು ಕಂಡು ವಾಪಸಾದರೆ ಮತ್ತೆ ಹೊರಡುವುದು ಬಹಳ ಕಷ್ಟ. ಹಿಂದಿನ ದಿನವೇ ಎಎ ಸಹಾಯವಾಣಿಗೆ ಫೋನ್ ಮಾಡಿ: ನಾಳೆ ಮೀಟಿಂಗ್ ಇದೆಯೇ, ಯಾವ ಬಾಗಿಲು, ಯಾವ ಮಹಡಿ, ಯಾವ ಭಾಷೆ, ಓಪನ್ನೋ ಕ್ಲೋಸ್ಡೋ? ಮೊದಲ ಸಲ ಬರುತ್ತಿದ್ದೇನೆ ಎಂದರೆ ಬಾಗಿಲ ಬಳಿ ಒಬ್ಬರು ಕಾಯುವ ಏರ್ಪಾಡೂ ಆಗಬಹುದು. ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ನಡೆದರೆ ಗಾಬರಿಯಾಗಬೇಡಿ, ಕೋಣೆಯಷ್ಟೇ ಅವರದು.

ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು, ಮನೆಯವರೂ ಸೇರಿ. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆಂಬ ಆಸೆ ಇರುವವರಿಗೆ ಮಾತ್ರ. ಸದಸ್ಯರಾಗಲು ಆ ಆಸೆ ಒಂದಿದ್ದರೆ ಸಾಕು. ಈಗಾಗಲೇ ಬಿಟ್ಟಿರಬೇಕು ಎಂಬ ನಿಯಮವಿಲ್ಲ. ಫೀಸೂ ಇಲ್ಲ. ನಡುವೆ ಕಾಣಿಕೆ ಹಾಕಲು ಚೀಲವೋ ಡಬ್ಬವೋ ಸುತ್ತಿ ಬರುತ್ತದೆ, ಹೊಸಬರು ಅದನ್ನು ಪಕ್ಕದವರಿಗೆ ದಾಟಿಸಿದರೆ ಸಾಕು.

ಹತ್ತು ನಿಮಿಷ ಮುಂಚೆ ಹೋಗಿ. ಮೀಟಿಂಗ್ ಸಾಮಾನ್ಯವಾಗಿ 60ರಿಂದ 90 ನಿಮಿಷ. ಆರಂಭದಲ್ಲಿ ಏನಾದರೂ ಓದುತ್ತಾರೆ, ಹೊಸಬರು ಇದ್ದಾರಾ ಎಂದು ಕೇಳುತ್ತಾರೆ. ಬರೀ ಮೊದಲ ಹೆಸರು ಹೇಳಿ, ಇಲ್ಲವೇ ಕೈ ಎತ್ತದೆ ಸುಮ್ಮನಿರಿ. ನಿಮ್ಮ ಸರದಿ ಬಂದರೆ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರಾಯಿತು. ಹೊಸಬರನ್ನು ಹೆಚ್ಚು ಕಂಗೆಡಿಸುವುದು ಇನ್ನೊಂದು: ಒಬ್ಬರು ತೀರಾ ನೋವಿನ ಸಂಗತಿ ಹೇಳಿ ಮುಗಿಸಿದರೂ ಯಾರೂ ಸಮಾಧಾನ ಹೇಳುವುದಿಲ್ಲ, ಮುಂದಿನವರು ತಮ್ಮ ಮಾತು ಶುರುಮಾಡುತ್ತಾರೆ. ಅದು ನಿರ್ದಯತೆಯಲ್ಲ. ಮಧ್ಯೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು ಎಂಬ ರೂಢಿ ಅನೇಕ ಗ್ರೂಪ್‌ಗಳಲ್ಲಿದೆ. ಮನೆಯಲ್ಲಿ ಬುದ್ಧಿಮಾತು ಕೇಳಿ ಕೇಳಿ ಬೇಸತ್ತವರು ಅಲ್ಲಿ ಬಾಯಿ ಬಿಡುವುದು ಇದರಿಂದಲೇ.

ಗುಟ್ಟಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಅನಾಮಧೇಯತೆ ಅಲ್ಲಿನ ಗಟ್ಟಿಯಾದ ಸಂಪ್ರದಾಯ, ಆದರೆ ವೈದ್ಯರಿಗೋ ವಕೀಲರಿಗೋ ಇರುವಂಥ ಕಾನೂನಿನ ಕಟ್ಟು ಅಲ್ಲಿಲ್ಲ. ಕೋರ್ಟು ಕೇಸಿಗೆ ಸಂಬಂಧಪಟ್ಟದ್ದನ್ನು ತುಂಬಿದ ಕೋಣೆಯಲ್ಲಿ ಹೇಳಬೇಡಿ.

ಮುಗಿದ ತಕ್ಷಣ ಓಡಿಹೋಗಬೇಡಿ. ಆಮೇಲಿನ ಹದಿನೈದು ನಿಮಿಷವೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಇಬ್ಬರು ಮೂವರ ಫೋನ್ ನಂಬರ್ ಕೇಳಿ ಪಡೆಯಿರಿ, ಗಂಡಸರು ಗಂಡಸರದು, ಹೆಂಗಸರು ಹೆಂಗಸರದು. ಕುಡಿಯಬೇಕೆನಿಸಿದಾಗ, ಕುಡಿಯುವ ಮುಂಚೆ, ಅವರಿಗೆ ಫೋನ್ ಮಾಡಲು. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ಕೈಹಿಡಿದು ನಡೆಸುವ ಸ್ಪಾನ್ಸರ್‌ನನ್ನು ಆರಿಸಲು ಅವಸರ ಬೇಡ. ಸಾಲ ಕೇಳುವವರಿಂದ, ಹೊಸಬರೊಡನೆ ಪ್ರೇಮಕ್ಕೆ ಹಾತೊರೆಯುವವರಿಂದ ದೂರವಿರಿ. ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸು ಎನ್ನುವವರ ಮಾತು ಕೇಳಲೇಬೇಡಿ. ಸದಸ್ಯರು ವೈದ್ಯರಂತೆ ಸಲಹೆ ಕೊಡಬಾರದು ಎಂಬುದು ಎಎಯ ನಿಲುವೂ ಹೌದು.

ಒಂದೇ ಮೀಟಿಂಗ್ ನೋಡಿ ತೀರ್ಮಾನಿಸಬೇಡಿ. ಪ್ರತಿ ಗ್ರೂಪ್ ಸ್ವತಂತ್ರ, ಒಂದರಂತೆ ಇನ್ನೊಂದಿರುವುದಿಲ್ಲ. ಬೇರೆ ಬೇರೆ ಕಡೆ ಐದಾರು ಸಲ ಕೂತು ನೋಡಿ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2020ರ ವರದಿಯ ಪ್ರಕಾರ, ಎಎಗೆ ಸೇರಿಸಿ ಅಲ್ಲೇ ನೆಲೆಯೂರಲು ನೆರವಾಗುವ ವ್ಯವಸ್ಥಿತ ಚಿಕಿತ್ಸೆಯಿಂದ, ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಜನ ಪೂರ್ತಿ ಕುಡಿಯದೆ ಉಳಿಯುತ್ತಾರೆ. ಎಎ ಮೆಟ್ಟಿಲುಗಳಲ್ಲಿ ಬರುವ ದೇವರ ಮಾತು ನಿಮಗೆ ಒಗ್ಗದಿದ್ದರೆ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಇದೆ, ಅಲ್ಲಿ ಯೋಚನೆ ಮತ್ತು ನಡವಳಿಕೆ ಬದಲಿಸುವ ಅಭ್ಯಾಸಗಳನ್ನು ಕಲಿಸುತ್ತಾರೆ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ, ನೀವು ಹೋಗದಿದ್ದರೂ ಅವರು ಹೋಗಬಹುದು.

ನಡುವೆ ಮತ್ತೆ ಕುಡಿದುಬಿಟ್ಟರೆ ನಾಚಿಕೆಯಿಂದ ಮೀಟಿಂಗ್ ತಪ್ಪಿಸುವವರೇ ಹೆಚ್ಚು. ಕುಡಿಯದೆ ಕಳೆದ ದಿನಗಳ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ ಅಷ್ಟೆ, ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಮರುದಿನವೇ ಹೋಗಿ ಕೂತುಕೊಳ್ಳಿ.